ಕುಮುದಾ ಕಟ್ಟಿದ ಕ್ಲಾಸು

ಸ್ವೀಡನ್ನಿನ ಓರೆಬ್ರೂ ಊರಿನ ಕನ್ನಡದವರಲ್ಲಿ ಮೆಥಡಿಸ್ಟ್ ಕ್ಲಾಸು ಆರಂಭಿಸಿದವರು ಕುಮುದಾ. ಬೀದರಿನವರು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸು. ಕ್ಲಾಸೆಂದರೆ ಪಾಠವಲ್ಲ. ಕೆಲವರು ವಾರಕ್ಕೊಮ್ಮೆ ಸೇರಿ, ಆ ವಾರ ತಮ್ಮ ಮನಸ್ಸು ಹೇಗಿತ್ತೆಂದು ಸರದಿಯಂತೆ ಹೇಳುತ್ತಾರೆ. ಹೇಳಿದ್ದು ಕೋಣೆಯಿಂದ ಹೊರಹೋಗಬಾರದು. ಆ ನಂಬಿಕೆಯ ಮೇಲೆಯೇ ಜನ ಬರುವುದು. ಕುಮುದಾರ ಅಜ್ಜಿ ಬೀದರಿನ ಹಳ್ಳಿಗಳಲ್ಲಿ ನಡೆದಾಡಿ ಇಂಥ ಕ್ಲಾಸುಗಳನ್ನು ಕಟ್ಟಿದವರು. ಮೊಮ್ಮಗಳು ಪಾದ್ರಿಯನ್ನು ಕಾಯದೆ ತಮ್ಮ ಅಡುಗೆಮನೆಯ ಮೇಜಿನ ಸುತ್ತ ಅದನ್ನು ಕಟ್ಟಿದರು. ಇನ್ನೊಂದು ಊರಾದ ಯೋನ್‌ಶೋಪಿಂಗಿನ ಕೆಲವು ಕನ್ನಡದ ಎಂಜಿನಿಯರುಗಳು ತಮಗೂ ಬೇಕೆಂದರು. ಬರುವ ತಿಂಗಳು ಕುಮುದಾ ಅಲ್ಲಿಗೆ ಹೋಗಿ ಆರಂಭಿಸುವುದೆಂದು ನಿಶ್ಚಯವಾಗಿತ್ತು.

ಅಷ್ಟರಲ್ಲಿ ಒಂದು ವಾರ ದೀಪ್ತಿ ಕ್ಲಾಸಿನಲ್ಲಿ ಅತ್ತಳು. ಕೋಲಾರದ ಹುಡುಗಿ, ಡಾಕ್ಟರೇಟ್ ವಿದ್ಯಾರ್ಥಿನಿ. ಸಂಶೋಧನೆ ಬಿಟ್ಟುಬಿಡುವ ಯೋಚನೆ ಬರುತ್ತಿದೆ, ಬಿಟ್ಟರೆ ಈ ದೇಶದಲ್ಲಿ ಉಳಿಯುವ ಪರವಾನಗಿಯೂ ಹೋಗುತ್ತದೆ, ಮಾರ್ಗದರ್ಶಕರಿಗೆ ಇನ್ನೂ ಹೇಳಿಲ್ಲ ಎಂದಳು.

ಭಾನುವಾರ ಚರ್ಚಿನಲ್ಲಿ, ಯಾರು ಬೇಕಾದರೂ ಎದ್ದು ಪ್ರಾರ್ಥಿಸಬಹುದಾದ ಹೊತ್ತು. ಬೀದರಿನಲ್ಲಿ ಕಷ್ಟದಲ್ಲಿರುವವರ ಹೆಸರೆತ್ತದ ಪ್ರಾರ್ಥನೆ ಪ್ರಾರ್ಥನೆಯೇ ಅಲ್ಲ. ಕುಮುದಾ ಎದ್ದರು. ದೀಪ್ತಿಯ ಹೆಸರು, ವಿಭಾಗ, ಬಿಡಬೇಕೆನ್ನುವ ಸಂಕಟ ಎಲ್ಲವನ್ನೂ ತಪ್ಪಿಲ್ಲದ ಸ್ವೀಡಿಷಿನಲ್ಲಿ ದೇವರ ಮುಂದಿಟ್ಟರು. ಅದೇ ವಿಭಾಗದ ಒಬ್ಬಾಕೆ ಹಿಂದಿನ ಸಾಲಿನಲ್ಲಿದ್ದಳು. ಸೋಮವಾರ ವಿಭಾಗದವರೆಲ್ಲ ಸೇರುವ ಫಿಕಾದ ಬಿಡುವಿನಲ್ಲಿ, ಕಾಫಿಯ ಜೊತೆಗೇ, ಸುದ್ದಿ ಮಾರ್ಗದರ್ಶಕರನ್ನು ಮುಟ್ಟಿತು. ಅವರು ದೀಪ್ತಿಯನ್ನು ಕರೆದು, ಅವಳ ಜಾಗಕ್ಕೆ ಬೇರೆಯವರನ್ನು ಯಾವಾಗಿನಿಂದ ಹುಡುಕಲಿ ಎಂದು ಬಹಳ ಮೃದುವಾಗಿ ಕೇಳಿದರು. ಅವಳಿನ್ನೂ ಏನನ್ನೂ ತೀರ್ಮಾನಿಸಿರಲಿಲ್ಲ.

ಅಲ್ಲಿಂದ ದೀಪ್ತಿ ನೇರ ಕುಮುದಾರ ಮನೆಗೆ ಬಂದಳು. ಕೋಟು ಬಿಚ್ಚಲಿಲ್ಲ.

“ಪ್ರೇಯರ್ ಮಾಡಿದ್ನವ್ವಾ, ಚಾಡಿ ಹೇಳ್ಲಿಲ್ಲ,” ಎಂದರು ಕುಮುದಾ.

“ಸ್ವೀಡಿಷಲ್ಲಿ ಮಾಡಿದ್ರಲ್ಲ ಆಂಟಿ. ದೇವರಿಗೆ ಕನ್ನಡ ಬರಲ್ವಾ?”

ಮಾರ್ಗದರ್ಶಕರಿಗೆ ತಾವೇ ವಿವರಿಸುವುದಾಗಿ ಕುಮುದಾ ಹೇಳಿದರು. ದಯವಿಟ್ಟು ಇನ್ನೇನೂ ಮಾಡಬೇಡಿ ಎಂದಳು ದೀಪ್ತಿ.

ಉದ್ದೇಶ ಒಳ್ಳೆಯದಿತ್ತು ಎಂದು ಕುಮುದಾರ ಪರ ಮಾತಾಡುವವರಿದ್ದಾರೆ. ಒಳ್ಳೆಯದೇ ಇತ್ತು. ಅದರಿಂದ ಏನೂ ಬದಲಾಗುವುದಿಲ್ಲ.

ಆ ವಾರದ ಕ್ಲಾಸಿಗೆ ಎಲ್ಲರೂ ಬಂದರು, ದೀಪ್ತಿಯೂ. ಕುಮುದಾ ಮೊದಲು ತಮ್ಮ ತಪ್ಪನ್ನು ಒಪ್ಪಿಕೊಂಡರು. ಸರದಿ ಆರಂಭವಾಯಿತು. ವಾರವಾರವೂ ಮ್ಯಾನೇಜರನ್ನು ಬೈದು ಆಮೇಲೆ ಪಶ್ಚಾತ್ತಾಪ ಪಡುತ್ತಿದ್ದ ಐಟಿ ಕೆಲಸದ ಸುದರ್ಶನ್, ವಾರ ಚೆನ್ನಾಗಿತ್ತು ಎಂದ. ಅವನ ಹೆಂಡತಿಗೂ ಚೆನ್ನಾಗಿತ್ತು. ದೀಪ್ತಿ ಚಹಾದ ಲೋಟ ತಿರುಗಿಸುತ್ತ, ತನಗೂ ಚೆನ್ನಾಗಿತ್ತು ಎಂದಳು.

ಮರುದಿನ ಕುಮುದಾ ಯೋನ್‌ಶೋಪಿಂಗಿಗೆ ಫೋನ್ ಮಾಡಿ, ಬರುವುದಿಲ್ಲವೆಂದರು. ಅಲ್ಲಿಯವರು ಕಾರಣ ಕೇಳಿದರು. ಕಾರಣ ಹೇಳಿದರೆ ದೀಪ್ತಿಯ ವಿಷಯ ಮತ್ತೊಮ್ಮೆ ಹೊರಬೀಳುತ್ತಿತ್ತು. ಆಸ್ಪತ್ರೆಯಲ್ಲಿ ಕೆಲಸ ಹೆಚ್ಚಾಗಿದೆ ಎಂದು ಸುಳ್ಳು ಹೇಳಿದರು.