ನರ್ಸಬಾಯಿ ಮತ್ತು ನನ್ನ ನಡುಗುವ ಕೈ

ಔರಾದಿನ ಆ ಪಡಸಾಲೆಯಲ್ಲಿ ಅಂದು ಮೂವರೇ ಇದ್ದೆವು. ಗೋಡೆಗೆ ಒರಗಿ ಕೂತ ಮುದುಕಿ, ಜೀವಮಾನವೆಲ್ಲ ಹಳ್ಳಿ ಹಳ್ಳಿ ತಿರುಗಿ ಹೆರಿಗೆ ಮಾಡಿಸಿದ ನರ್ಸಬಾಯಿ. ಮೊರದ ತುಂಬ ಹೆಸರುಬೇಳೆ ಹರಡಿ ಕಲ್ಲು ಆರಿಸುತ್ತಿದ್ದ ಅವರ ಸೊಸೆ. ಎದುರಿಗೆ ನಾನು; ತೊಡೆಯ ಮೇಲೆ ರೆಕಾರ್ಡರ್.

ಬೀದರಿನ ರೇಡಿಯೋದಲ್ಲಿ ನಾನು ಸೇರಿ ಮೂರು ವಾರವಾಗಿತ್ತು. ನರ್ಸಬಾಯಿಯ ಸಂದರ್ಶನಕ್ಕೆ ಹೊರಡುವಾಗ ನಮ್ಮ ಸಾಹೇಬರು ಹೇಳಿದ್ದರು: “ಇದು ನಿಮ್ದು ಮೊದಲ್ನೇದು. ಛಲೋ ಬಂತಂದ್ರ ಇರ್ರಿ. ಇಲ್ಲಂದ್ರ ಬ್ಯಾರೇದವ್ರಿಗಿ ನೋಡ್ತೀವಿ.” ಆ ಮಾತು ಬಸ್ಸಿಳಿಯುವವರೆಗೂ ಕಿವಿಯಲ್ಲೇ ಇತ್ತು.

ಪ್ರಶ್ನೆ ಬರೆದ ಹಾಳೆ ತೆಗೆದೆ. ಗಾಳಿಯಿಲ್ಲದೆಯೂ ಅದು ಪಟಪಟ ಅಂದಿತು. “ತಮ್ಮ ವೃತ್ತಿಜೀವನದಲ್ಲಿ ತಾವು ಎದುರಿಸಿದ ಸವಾಲುಗಳು ಯಾವುವು?” ಎಂದು ಓದಿದೆ. ದನಿ ನನ್ನದೇ ಅನ್ನಿಸಲಿಲ್ಲ.

ನರ್ಸಬಾಯಿ ಸೊಸೆಯ ಕಡೆ ತಿರುಗಿದರು. “ಏನ್ ಕೇಳ್ಲತ್ತಾಳ ಇಕಿ? ಪಿಂಚಣಿ ಆಫೀಸಿನಾಕಿ ಏನ?”

“ರೇಡಿಯೋದಾಕಿ ಅತ್ತಿ. ಅಂಜ್ಯಾಳ ಪಾಪ.”

ನನ್ನ ಅಂಜಿಕೆ ನನ್ನೆದುರಿಗೇ ಚರ್ಚೆಯಾಗುತ್ತಿತ್ತು. ಎದ್ದು ಓಡಿಬಿಡಲೇ ಅನ್ನಿಸಿತು. ಮುದುಕಿ ಮೊರವನ್ನು ನನ್ನ ಕಡೆ ತಳ್ಳಿದರು. “ಕಲ್ಲ ಆರಸು ಬೇಟಾ. ಕೈ ಸುಮ್ನಿದ್ರ ಜೀವ ನಡಗ್ತದ.”

ಆರಿಸತೊಡಗಿದೆ. ಅವರು ತಾವಾಗಿಯೇ ಮಾತಿಗಿಳಿದರು. ಹೆರಿಗೆಯ ಮನೆಯಲ್ಲಿ ಯಾರು ಗಾಬರಿಯಾಗಿ ಒದರಾಡಿದರೂ “ನೀರ ಕಾಸ್ರಿ” ಎಂದು ಅಟ್ಟುತ್ತಿದ್ದರಂತೆ.

“ಅಷ್ಟ್ ನೀರು ಯಾಕ ಬೇಕ್ರಿ ಬಾಯೀ?” ಎಂದೆ. ಈ ಪ್ರಶ್ನೆ ಹಾಳೆಯಲ್ಲಿರಲಿಲ್ಲ.

“ನನಗ ಒಂದ್ ತಪೇಲಿ ಸಾಕು. ಉಳಿದಿದ್ದು ಅವ್ರ ಅಂಜಿಕಿಗಿ!”

ನಗುತ್ತಲೇ ರೆಕಾರ್ಡರ್ ಕಡೆ ನೋಡಿದೆ. ಕೆಂಪು ದೀಪ ಹತ್ತಿರಲಿಲ್ಲ. ನಾನು ಬಟನ್ ಒತ್ತಿಯೇ ಇರಲಿಲ್ಲ. ಕೆಲಸ ಹೋಯಿತು ಅಂದುಕೊಂಡೆ. ಸುಳ್ಳು ಹೇಳುವುದಕ್ಕೂ ನಾಲಗೆ ಏಳಲಿಲ್ಲ.

“ತಪ್ಪಾಗ್ಯಾದ್ರಿ ಬಾಯೀ. ನಾ ಇದು ಚಾಲೂನೇ ಮಾಡಿಲ್ಲ.”

“ಮತ್ತ ಬ್ಯಾಳಿ ಆರಸಲಾಕ ಬಂದಿದ್ಯೇನವ್ವ?” ಸೊಸೆ ಬಿದ್ದು ಬಿದ್ದು ನಕ್ಕಳು.

ನರ್ಸಬಾಯಿ ನಗಲಿಲ್ಲ. “ಈಗ ಚಾಲೂ ಮಾಡು” ಎಂದರು. ಎರಡು ಸಲ ತಪ್ಪಿ, ಮೂರನೆಯ ಸಲ ಬಟನ್ ಸಿಕ್ಕಿತು.

“ನಾ ಮೊದಲ್ನೇ ಹೆರಿಗಿಗಿ ಹೋದಾಗ ಕತ್ತರೀನೇ ಮರ್ತು ಹೋಗಿದ್ದೆ. ಕೂಸು ಹೊರಗ ಬಂದದ, ನಾ ಚೀಲ ತಡಕಾಡ್ಲತ್ತೀನಿ. ಇವತ್ತಿನ ತನಕ ಯಾರಿಗೂ ಹೇಳಿಲ್ಲ ಇದು.”

ಸೊಸೆಯ ಕೈ ಮೊರದ ಮೇಲೆಯೇ ನಿಂತಿತು.

“ಆಮ್ಯಾಲ ಏನ್ ಮಾಡಿದ್ರಿ?”

“ಎಲ್ಲಾರಿಗೂ ನೀರ ಕಾಸಲಾಕ ಹಚ್ಚಿ ಹೊರಗ ಹಾಕ್ದೆ. ನನ್ನ ಕೈ ನಡಗೋದು ಅವ್ರಿಗಿ ಕಾಣಬಾರ್ದಲ್ಲ! ದಾಡಿ ಮಾಡೋ ಹೊಸ ಬ್ಲೇಡ್ ಒಂದು ಸಿಕ್ತು. ಅದ್ನೇ ಕುದಿಸಿ ಹೊಕ್ಕಳ ಬಳ್ಳಿ ಕೊಯ್ದೆ.”

ಮರುದಿನ ಸಾಹೇಬರು ಕಿವಿಗೆ ಹೆಡ್‌ಫೋನ್ ಹಚ್ಚಿಕೊಂಡು ಪೂರ್ತಿ ಕೇಳಿದರು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. “ಸೋಮವಾರ ಭಾಲ್ಕಿಗಿ ಹೋಗೋದದ. ನೀವೇ ಹೋಗ್ರಿ” ಎಂದರು. ಸೋಮವಾರ ಭಾಲ್ಕಿಯ ಬಸ್ಸು ಬೀದರಿನ ಅಂಚಿನ ನೌಬಾದ ದಾಟುವುದರೊಳಗೇ ನನಗೆ ವಾಂತಿಯಾಯಿತು. ಬಾಯಿ ತೊಳೆದುಕೊಂಡು ಭಾಲ್ಕಿಗೆ ಹೋದೆ.