ಸಮುದ್ರದಲ್ಲಿ ಸಿಕ್ಕ ಕಾಲ್ಗಡಗ

ನಮ್ಮ ಕಡೆಯ ಮಕ್ಕಳಿಗೆ ಸಮುದ್ರವೆಂದರೆ ಪಾಠದ ಪುಸ್ತಕದಲ್ಲಿನ ನೀಲಿ ಚಿತ್ರವಷ್ಟೇ ಆಗಿದ್ದ ದಿನಗಳವು. ನನಗೆ ಮಾತ್ರ ಸ್ವಂತದ್ದೊಂದು ಸಮುದ್ರವಿತ್ತು. ಏಪ್ರಿಲ್ ಬಂತೆಂದರೆ ಕೋಲಾರದ ಶಾಲೆಯಲ್ಲಿ ಗೆಳತಿಯರಿಗೆಲ್ಲ "ನಾನು ಸಮುದ್ರಕ್ಕೆ ಹೋಗ್ತೀನಿ ಕಣ್ರೇ" ಎಂದು ಜಂಬದಿಂದ ಹೇಳಿಕೊಂಡು ತಿರುಗುತ್ತಿದ್ದೆ. ಅಮ್ಮನ ತವರು ದೇವರಾಯಸಮುದ್ರ. ಅಲ್ಲಿದ್ದದ್ದು ಹಳೇ ಕಾಲದ ಒಂದು ಕೆರೆ. ಬೇಸಿಗೆಯಲ್ಲಿ ಅದರಲ್ಲೂ ನೀರಿರುತ್ತಿರಲಿಲ್ಲ. ಬಿರುಕು ಬಿಟ್ಟ ಮಣ್ಣು, ಅಂಚಿನಲ್ಲಿ ಮರಳು, ಜಾಲಿ ಗಿಡ. ಆದರೆ ಗೆಳತಿಯರು ಬಂದು ನೋಡುವವರಲ್ಲವಲ್ಲ.

ಆ ಊರಿನಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾದವನು ನಾಗರಾಜ ಮಾವ, ಅಮ್ಮನ ತಮ್ಮ. ನಾನು ಬಸ್ಸಿನಿಂದ ಇಳಿಯುತ್ತಿದ್ದಂತೆ ಓಡಿಹೋಗಿ ಅವನ ಕುತ್ತಿಗೆಗೆ ಜೋತುಬೀಳುತ್ತಿದ್ದೆ. ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಮುಳಬಾಗಲಿಗೆ ಹೋಗಿ, ತುಪ್ಪದಲ್ಲಿ ಗರಿಗರಿಯಾದ ದೋಸೆ ತಿನ್ನಿಸುತ್ತಿದ್ದ. ಅವನಷ್ಟು ಒಳ್ಳೆಯ ಮನುಷ್ಯ ಪ್ರಪಂಚದಲ್ಲೇ ಇಲ್ಲವೆಂದು ನಾನು ನಂಬಿದ್ದೆ.

ನನಗೆ ಹತ್ತು ತುಂಬಿದ ವರ್ಷ, ಮಾವ ಬೆಂಗಳೂರಿನಿಂದ ಒಂದು ಉದ್ದನೆಯ ಪೆಟ್ಟಿಗೆ ತಂದಿದ್ದ. ಒಳಗೆ ಊರುಗೋಲಿನಂಥ ಕೋಲು, ಅದರ ತುದಿಗೆ ಊಟದ ತಟ್ಟೆಯಷ್ಟಗಲದ ಚಕ್ರ, ಹಿಡಿಯ ಹತ್ತಿರ ಮುಳ್ಳು ಅಲ್ಲಾಡುವ ಡಬ್ಬಿ. ಮಾವ ಅದನ್ನು ಅಜ್ಜಿಯ ಕಾಲ ಹತ್ತಿರ ತಂದ. ಅವಳ ಬೆಳ್ಳಿ ಕಾಲುಂಗುರಕ್ಕೆ ಅದು "ಕುಂಯ್" ಎಂದಿತು. ನಾವು ಅವ್ವ ಎಂದು ಕರೆಯುತ್ತಿದ್ದ ಆ ಅಜ್ಜಿ ಬೆಚ್ಚಿ ಕಾಲೆಳೆದುಕೊಂಡಳು.

"ಏನ್ಲಾ ಇದು, ನಾಯಿಮರಿ ಕೂಗ್ದಂಗೆ ಕೂಗ್ತದೆ?"

"ಮೆಟಲ್ ಡಿಟೆಕ್ಟರ್ ಅಮ್ಮ. ಮಣ್ಣಾಗೆ ಚಿನ್ನ, ಬೆಳ್ಳಿ ಏನಿದ್ರೂ ಹೇಳ್ತದೆ. ನಮ್ಮ ಕೆರೆ ಯಾವ ಕಾಲದ್ದು? ಎಷ್ಟು ಜನ ಏನೇನ್ ಬಚ್ಚಿಟ್ಟವ್ರೋ!"

ಮರುದಿನ ಬೆಳಗ್ಗೆ ರಾಗಿ ಗಂಜಿ ಕುಡಿದು ನಾವಿಬ್ಬರೂ ಕೆರೆಯಂಗಳಕ್ಕೆ ಇಳಿದೆವು. ಸದ್ದು ಕೇಳುವುದು ಮಾವನ ಕೆಲಸ, ಕೆದಕುವುದು ನನ್ನದು. ಕೈಗೊಂದು ಕುಡುಗೋಲು ಕೊಟ್ಟಿದ್ದ.

ಆ ಕೆರೆಯಂಗಳದ ನಾತವನ್ನು ಹೇಗೆ ಹೇಳಲಿ? ಕೊನೆಯ ಹೊಂಡ ಬತ್ತಿ ವಾರವಾಗಿತ್ತಷ್ಟೇ. ಬೆರಳುದ್ದದ ಮೀನುಗಳು ಕೆಸರಿಗೆ ಅಂಟಿಕೊಂಡು ಒಣಗಿದ್ದವು, ಕಣ್ಣಿನ ಜಾಗದಲ್ಲೆಲ್ಲ ಇರುವೆ. ಜಾಲಿಯ ಮರೆಯಲ್ಲಿ ಊರ ಜನ ಚೆಂಬು ಹಿಡಿದು ಹೋಗಿಬರುತ್ತಿದ್ದ ಜಾಗವೂ ಅದೇ. ಮೊದಲ ಸದ್ದಿಗೆ ನಾನು ಕುಣಿದಾಡುತ್ತಾ ಕೆದಕಿದೆ, ಸೋಡಾ ಬಾಟಲಿಯ ಮುಚ್ಚಳ ಸಿಕ್ಕಿತು. ಎರಡನೆಯದಕ್ಕೆ ಮೊಳೆ. ಮೂರನೆಯದು ಸದ್ದು ಮಾಡಿದ್ದು ಒಣಗಿದ ಹೇಲಿನ ಪಕ್ಕದಲ್ಲಿ.

"ತೆಗಿಯೇ ಪಮ್ಮಿ, ಏನಾಗಲ್ಲ. ಒಣಗೈತೆ."

"ಥೂ ಮಾವ, ನಾ ತೆಗಿಯಲ್ಲ."

"ಚಿನ್ನ ಇದ್ರೆ?"

ಮೂಗು ಮುಚ್ಚಿಕೊಂಡು ತೆಗೆದೆ. ತುಕ್ಕು ಹಿಡಿದ ಅರ್ಧ ಬ್ಲೇಡು. ಮಧ್ಯಾಹ್ನ ಮನೆಗೆ ಬಂದು ಬೂದಿಯಲ್ಲಿ ಮೂರು ಸಲ ಕೈ ತಿಕ್ಕಿದರೂ ಮುದ್ದೆ ಮುರಿಯಲು ಮನಸ್ಸಾಗಲಿಲ್ಲ. ಅದನ್ನು ನೋಡಿ ಮಾವ ಹೊಟ್ಟೆ ಹಿಡಿದು ನಕ್ಕ. ನಾನೂ ನಕ್ಕೆ. ಆಗಿನ್ನೂ ಅದು ನಗುವಂಥ ಅಸಹ್ಯವಾಗಿತ್ತು.

ನಾಲ್ಕನೇ ದಿನ ನಾವು ಕೆರೆಯ ಮೇಲಂಚಿಗೆ, ಹೊಂಗೆ ಮರದ ಕಡೆಗೆ ಹೋದೆವು. ಅಲ್ಲಿ ಮರಳು ಹೆಚ್ಚು. ಒಂದೆರಡು ಕಲ್ಲು ಉರುಳಿ ಬಿದ್ದಿದ್ದವು. ಅಂದು ಯಂತ್ರ ನನ್ನ ಕೈಯಲ್ಲಿತ್ತು, ಬೇಡಿ ಬೇಡಿ ಇಸಿದುಕೊಂಡಿದ್ದೆ. ಅದು ಒಂದೇ ಸಮನೆ ಕೂಗತೊಡಗಿತು.

"ಮಾವ! ಇಲ್ಲಿ! ಇಲ್ಲೇ!" ಎಂದು ಕಿರುಚಿದವಳು ನಾನು.

ಮಾವ ಗುದ್ದಲಿ ಹಾಕಿದ. ಮೊಣಕೈಯಾಳ ಅಗೆದ ಮೇಲೆ ಒಂದು ಹಳದಿ ಬಟ್ಟೆಯ ಚೂರು ಬಂತು. ಹಸಿ ನೆಲಮಾಳಿಗೆಯಂಥ ವಾಸನೆ. ಮಾವನ ಕೈ ನಿಂತಿತು. ಅವನು ಹಿಂದೆ ಮುಂದೆ ನೋಡಿದ. ಆಮೇಲೆ ಗುದ್ದಲಿ ಬಿಟ್ಟು, ಮಂಡಿಯೂರಿ, ಕೈಯಲ್ಲೇ ಕೆದಕಿ ಎರಡು ಕಪ್ಪು ಬಳೆಗಳಂಥವನ್ನು ತೆಗೆದ. ಒಂದರೊಳಗೆ ಪೆನ್ಸಿಲ್ಲಿನಷ್ಟು ಸಣ್ಣದೊಂದು ಏನೋ ಸಿಕ್ಕಿಕೊಂಡಿತ್ತು. ಅದನ್ನು ಕಡ್ಡಿಯಿಂದ ತಳ್ಳಿ ಗುಂಡಿಗೆ ಬೀಳಿಸಿದ.

"ಏನ್ ಮಾವ ಅದು?"

"ಬೇರು ಕಣೇ. ಹೊಂಗೆ ಬೇರು. ಯಾರಿಗೂ ಹೇಳ್ಬೇಡ, ನಿಧಿ ಸಿಕ್ಕಿದ್ದು ಹೇಳಿದ್ರೆ ಮಾಯ ಆಗ್ತದೆ."

ಅದು ಬೇರಲ್ಲ ಎಂದು ನನಗೆ ಒಳಗೊಳಗೇ ಗೊತ್ತಾಗಿತ್ತು. ಆದರೆ ಹೇಳಿದವನು ಮಾವ. ಬೇರು ಎಂದೇ ಅಂದುಕೊಂಡೆ. ಮಾವ ಅವಸರದಲ್ಲಿ ಹೊರಟ. ಗುಂಡಿ ಹಾಗೇ ಬಾಯಿ ತೆರೆದುಕೊಂಡು ಉಳಿಯಿತು.

ಮನೆಯಲ್ಲಿ ಸರೋಜತ್ತೆ, ಮಾವನ ಹೆಂಡತಿ, ಐದು ತಿಂಗಳ ಕೂಸು ರಮ್ಯಳನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಮಾವ ಹಿತ್ತಲಲ್ಲಿ ಕೂತು ಹುಣಸೆಹಣ್ಣು ಹಾಕಿ ಆ ಕಡಗಗಳನ್ನು ತಿಕ್ಕಿದ. ಕಪ್ಪು ನೀರು ಹರಿದು ಬೆಳ್ಳಿ ಹೊಳೆಯಿತು. ತಂದು ಕೂಸಿನ ಕಾಲಿಗೆ ಹಾಕಿದ. "ಮುಳಬಾಗಲ್‌ನಾಗೆ ತಂದೆ" ಎಂದ. ಅತ್ತೆಯ ಮುಖ ಅರಳಿತು. ರಮ್ಯ ಕಾಲು ಒದೆದಳು. ಕಡಗದ ಗೆಜ್ಜೆ ಝಲ್ ಝಲ್ ಎಂದಿತು.

ಆ ಸದ್ದನ್ನು ನಾನು ಎಲ್ಲಿ ಕೇಳಿದ್ದೆ?

ಪಕ್ಕದ ಮನೆಯಲ್ಲಿ. ಗೌರಕ್ಕನ ಮನೆಯಲ್ಲಿ. ಗೌರಕ್ಕ ರೇಷ್ಮೆ ಹುಳು ಸಾಕುತ್ತಿದ್ದಳು. ಹುಳುಗಳಿಗೆ ಸೊಪ್ಪು ಹಾಕಲು ನನ್ನನ್ನೂ ಬಿಡುತ್ತಿದ್ದಳು, ಹಿಪ್ಪುನೇರಳೆ ಹಣ್ಣು ಆಯ್ದು ನನ್ನ ಅಂಗೈಗೆ ಹಾಕುತ್ತಿದ್ದಳು. ಅವಳಿಗೆ ಲಚ್ಚಿ ಎಂಬ ಮಗಳಿದ್ದಳು. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ನಾನೇ ಅವಳನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದೆ, ಹೆಜ್ಜೆಗೊಮ್ಮೆ ಅವಳ ಕಾಲ್ಗಡಗ ಝಲ್ ಎನ್ನುತ್ತಿತ್ತು. ನಾನು ಕೋಲಾರಕ್ಕೆ ವಾಪಸ್ಸಾದ ಮೇಲೆ, ಜ್ವರ ಬಂದು ಮೂರೇ ದಿನಕ್ಕೆ ಹೋದಳಂತೆ. ಸಣ್ಣ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಎಲ್ಲಿ ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ. ಅಂಗೈ ಮೂಸಿದರೆ ಆ ಹಸಿ ವಾಸನೆ. ಸೋಪು ಹಾಕಿದರೂ ಅದೇ. "ಬಿಸಿಲು ಹತ್ತೈತೆ ಮಗೀಗೆ" ಎಂದು ಅವ್ವ ಮಜ್ಜಿಗೆ ಕೊಟ್ಟಳು. ಎರಡು ದಿನ ನಾನು ಯಾರಿಗೂ ಏನೂ ಹೇಳಲಿಲ್ಲ. ಮಾವ ಮಾತ್ರ ಎಂದಿನಂತೆ ಉಂಡ, ಎಂದಿನಂತೆ ಮೀಸೆ ತೀಡಿಕೊಂಡು ರಮ್ಯಳ ಕಾಲನ್ನು ಕೆನ್ನೆಗೆ ಒತ್ತಿಕೊಂಡು "ನನ್ ಬಂಗಾರ" ಎಂದ. ಆ ಪಾದ ಅವನ ಕೆನ್ನೆಗೆ ತಗುಲಿದಾಗೆಲ್ಲ ನನ್ನ ಮೈ ಮೇಲೆ ಹುಳು ಹರಿದಂತಾಗುತ್ತಿತ್ತು.

ಮೂರನೇ ದಿನ ಬೆಳಗ್ಗೆ ಗೌರಕ್ಕ ಒಂದು ಬೋಸಿ ಹಾಲು ಹಿಡಿದು ಬಂದಳು. ಲಚ್ಚಿ ಹೋದಾಗಿನಿಂದ ಅವಳು ಬೇರೆ ಮಕ್ಕಳನ್ನು ಎತ್ತಿಕೊಂಡಿರಲಿಲ್ಲ. ಅಂದು ಏನನ್ನಿಸಿತೋ, "ಕೊಡು ಸರೋಜ, ಒಂದ್ ಗಳಿಗೆ" ಎಂದು ರಮ್ಯಳನ್ನು ಮಡಿಲಿಗೆ ತೆಗೆದುಕೊಂಡಳು. ಕಾಲು ಹಿಡಿದಳು. ಕಡಗವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದಳು. ಐದು ಗೆಜ್ಜೆಯಿರಬೇಕಾದ ಕಡೆ ನಾಲ್ಕಿದ್ದವು. ಆ ಖಾಲಿ ಜಾಗದ ಮೇಲೆ ಅವಳ ಹೆಬ್ಬೆರಳು ನಿಂತುಬಿಟ್ಟಿತು.

"ಇವನ್ನ ಎಲ್ಲಿ ತಂದ್ರಿ ನಾಗಣ್ಣ?"

"ಮುಳಬಾಗಲ್‌ನಾಗೆ ಗೌರಕ್ಕ. ಹಳೇ ಬೆಳ್ಳಿ. ಗಟ್ಟಿ ಐತೆ." ಮಾವನ ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. ಸುಳ್ಳು ಹೇಳುವಾಗ ಮನುಷ್ಯನ ಮುಖ ಬದಲಾಗುತ್ತದೆ ಎಂದು ಅಂದುಕೊಂಡಿದ್ದೆ. ಅದು ಅದೇ ಮುಖವಾಗಿತ್ತು, ನನಗೆ ದೋಸೆ ತಿನ್ನಿಸುತ್ತಿದ್ದ ಮುಖ.

"ಸುಳ್ಳು" ಎಂದೆ. "ಕೆರೆಯಾಗೆ ಸಿಕ್ತು. ಹೊಂಗೆ ಮರದ ಹತ್ರ. ನಾನೇ ಮೆಷಿನ್ ಹಿಡ್ಕೊಂಡಿದ್ದೆ."

ಸರೋಜತ್ತೆ ಒಂದು ವಿಚಿತ್ರ ಸದ್ದು ಮಾಡಿ ಮಗುವನ್ನು ಕಿತ್ತುಕೊಂಡು ಕಡಗಗಳನ್ನು ಎಳೆದಳು. ಕೂಸು ಕಿರುಚಿತು. ಕಡಗಗಳು ನೆಲಕ್ಕೆ ಬಿದ್ದು ಉರುಳಿದವು. ಮುಖ ಸುಟ್ಟುಹೋಗಲೆಂದು ಅವ್ವ ತೆಲುಗಿನಲ್ಲಿ ಶಪಿಸುತ್ತಾ, "ಥೂ, ನೀ ಮೊಹಂ ಮಂಡ!" ಎಂದು ಮಗನ ಮುಖಕ್ಕೆ ಉಗಿದೇಬಿಟ್ಟಳು. "ಹೂತ ಕೂಸಿನ ಕಾಲಿಂದ ಕಿತ್ತು ತಂದೇನ್ಲಾ? ಹದ್ದಿಗೂ ನಿನಗೂ ಏನ್ಲಾ ಭೇದ?"

"ನಂಗೇನಮ್ಮ ಗೊತ್ತು ಯಾರ್ದು ಅಂತ" ಎಂದ ಮಾವ, ಕೆನ್ನೆ ಒರೆಸಿಕೊಳ್ಳುತ್ತಾ. "ಮಣ್ಣಾಗೆ ಇದ್ರೆ ಯಾರಿಗ್ ಬಂತು?"

ಗೌರಕ್ಕ ಅಳಲಿಲ್ಲ, ಬೈಯಲಿಲ್ಲ. ಕಡಗಗಳನ್ನು ಆಯ್ದು ಸೆರಗಿನಲ್ಲಿ ಕಟ್ಟಿಕೊಂಡಳು. ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದಳು.

"ತಿರ್ಗಾ ಮುಚ್ಚಿದ್ರಾ ಪಮ್ಮಿ, ನನ್ ಕೂಸನ್ನ?"

ಇಲ್ಲವೆಂದು ತಲೆಯಾಡಿಸಿದೆ. ಅವಳು ಬರಿಗಾಲಲ್ಲಿ ಹೊರಟಳು.

ಅವ್ವ ಅವಳ ಹಿಂದೆ, ನಾನು ಅವ್ವನ ಹಿಂದೆ. ಬಿಸಿಲಿಗೆ ಮರಳು ಕಾದಿತ್ತು. ದೂರದಿಂದಲೇ ಎರಡು ನಾಯಿಗಳು ಗುಂಡಿಯ ಅಂಚಿನಲ್ಲಿ ಕಂಡವು. ಅವ್ವ ನನ್ನ ಕಣ್ಣನ್ನು ಸೆರಗಿನಿಂದ ಮುಚ್ಚಿ ಹೊಂಗೆ ಮರಕ್ಕೆ ಮುಖ ಮಾಡಿ ನಿಲ್ಲಿಸಿದಳು. ಕಲ್ಲು ಬೀರುವ ಸದ್ದು, ನಾಯಿಗಳು ಓಡಿದ ಸದ್ದು, ಆಮೇಲೆ ಬಹಳ ಹೊತ್ತು ಬರಿಗೈಯಲ್ಲಿ ಮಣ್ಣು ಎಳೆಯುವ ಸದ್ದು ಮಾತ್ರ ಕೇಳಿಸಿತು. ಗೌರಕ್ಕ ಮೆಲ್ಲಗೆ, ಮಗುವನ್ನು ಮಲಗಿಸುವವಳಂತೆ, "ಆಯ್ತು, ಆಯ್ತು" ಎನ್ನುತ್ತಿದ್ದಳು. ಮಾವ ಬರಲೇ ಇಲ್ಲ.

ಮರುದಿನವೇ ಅಮ್ಮ ಬಂದು ನನ್ನನ್ನು ಕರೆದುಕೊಂಡು ಹೋದಳು. ಮುಂದಿನ ಬೇಸಿಗೆಯಲ್ಲಿ ಹೆದರುತ್ತಲೇ ಗೌರಕ್ಕನ ಮನೆ ಬಾಗಿಲಿಗೆ ಹೋದೆ. "ಬಾರಮ್ಮ" ಎಂದಳು. ಹಣ್ಣನ್ನೂ ಕೊಟ್ಟಳು, ತಟ್ಟೆಯಲ್ಲಿ ಹಾಕಿ ಹೊಸಿಲ ಮೇಲಿಟ್ಟು. ನನ್ನ ಅಂಗೈ ಮುಟ್ಟಲು ಅವಳಿಗೆ ಆಗಲಿಲ್ಲವೆಂದು ತೋರುತ್ತದೆ. ನಾನು ಅವಳನ್ನು ತಪ್ಪೆನ್ನುವುದಿಲ್ಲ. ಆ ಅಂಗೈಯನ್ನು ಮುಖಕ್ಕೆ ತರಲು ನನಗೂ ಎಷ್ಟೋ ದಿನ ಆಗಿರಲಿಲ್ಲ.

ಈಗ ಆ ಕೆರೆ ತುಂಬಿದೆ. ಹೊಂಗೆ ಮರದ ಬುಡದವರೆಗೂ ನೀರಿದೆ. ಸಂಜೆ ಜನ ಏರಿಯ ಮೇಲೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಅವ್ವ ಇಲ್ಲ. ರಮ್ಯಳಿಗೆ ಹೋದ ತಿಂಗಳು ನಿಶ್ಚಿತಾರ್ಥವಾಯಿತು. ಊಟದ ಹೊತ್ತಿಗೆ ಮಾವ, ಮೀಸೆ ಪೂರ್ತಿ ಬೆಳ್ಳಗಾದವನು, ತಾನೇ ಬಡಿಸುತ್ತಾ ನನ್ನ ಎದುರು ನಿಂತು ಪಕ್ಕದವರಿಗೆ ಹೇಳಿದ: "ಇವಳೂ ನಾನೂ ಒಂದು ಮೆಷಿನ್ ಹಿಡ್ಕೊಂಡು ಕೆರೆಯೆಲ್ಲಾ ಅಗೆದಿದ್ವಿ. ಏನೂ ಸಿಗಲಿಲ್ಲ ಬಿಡಿ. ಆದ್ರೂ ಎಂಥಾ ಮಜಾ ಇತ್ತು, ಅಲ್ವೇನೇ?"

ನಾಚಿಕೆಯಿಂದ ಮುಚ್ಚಿಡುತ್ತಿದ್ದಾನೆಯೇ ಎಂದು ಅವನ ಮುಖದಲ್ಲಿ ಹುಡುಕಿದೆ. ಇಲ್ಲ, ಅವನು ನಿಜವಾಗಿಯೂ ಮರೆತಿದ್ದ. ಲಚ್ಚಿ ಎಂಬ ಮಗುವೊಂದಿತ್ತು ಎಂಬುದನ್ನೂ ಮರೆತಿರಬೇಕು. ನಾನು ನನ್ನ ಮಾವನನ್ನು ಕಳೆದುಕೊಂಡಿದ್ದೆ, ಅವನು ಮಾತ್ರ ಏನನ್ನೂ ಕಳೆದುಕೊಂಡಿರಲಿಲ್ಲ. ಬಸ್ಸಿಳಿದು ಓಡಿಬಂದು ಕುತ್ತಿಗೆಗೆ ಜೋತುಬೀಳುತ್ತಿದ್ದ ಹುಡುಗಿ ಯಾಕೆ ಇದ್ದಕ್ಕಿದ್ದಂತೆ ದೂರ ನಿಂತಳೆಂದು ಅವನು ಒಂದು ದಿನವೂ ಕೇಳಿರಲಿಲ್ಲ. ಓದಿದಳು, ಕೆಲಸ ಸಿಕ್ಕಿತು, ಸೊಕ್ಕು ಬಂತು ಎಂದು ಎಲ್ಲರೊಡನೆ ಹೇಳುತ್ತಾನಂತೆ.

"ತಿನ್ನೇ" ಎಂದು ಪ್ರೀತಿಯಿಂದಲೇ ಬಗ್ಗಿ, ತನ್ನ ಕೈಯಿಂದ ಒಂದು ಒಬ್ಬಟ್ಟು ಹಾಕಿ ತುಪ್ಪ ಸುರಿದ. ಆ ಕೈಯನ್ನು ನೋಡಿದೆ. ಅವನು ಮುಂದಿನ ಎಲೆಗೆ ಹೋಗುವವರೆಗೂ ಕಾದು, ಒಬ್ಬಟ್ಟು ಮುಟ್ಟದೆ ಎಲೆ ಮಡಚಿ ಎದ್ದೆ.