ಮಿಕ್ಕ ಔಷಧಿಯ ದೊಡ್ಡಮ್ಮ

ಬೆಳಗಿನ ಎಂಟು ಗಂಟೆಗೆ ದೊಡ್ಡಮ್ಮನ ಬಾಗಿಲಿಗೆ ಬಂದ ಪ್ರತಿಯೊಂದು ಮಗುವೂ ಮೊದಲು ಬಾಯಿ ತೆರೆದು ತೋರಿಸಬೇಕಿತ್ತು. ಗದ್ದ ಹಿಡಿದು, ಬಗ್ಗಿ, ಅವಳು ಮೂಸುತ್ತಿದ್ದಳು. ಸ್ಟ್ರಾಬೆರಿ ವಾಸನೆ ಬಂತೋ, ಮುಗಿಯಿತು. ಜ್ವರದ ಸಿರಪ್ಪು ಕುಡಿಸಿ, ಮೈ ತಣ್ಣಗೆ ಮಾಡಿ, ಮಗುವನ್ನು ಅವಳ ತಲೆಗೆ ಕಟ್ಟಿ ಕೆಲಸಕ್ಕೆ ಓಡಲು ನಿಂತಿದ್ದಾರೆ ಎಂದರ್ಥ. ಮಧ್ಯಾಹ್ನ ಸಿರಪ್ಪಿನ ಬಲ ಇಳಿದು ಮೈ ಕೆಂಡವಾಗುವ ಹೊತ್ತಿಗೆ ಈ ಮಹಾತಾಯಂದಿರ ಫೋನು ಬಂದ್ ಆಗಿರುತ್ತಿತ್ತು.

"ಏನಮ್ಮಾ, ಬೆಳಗ್ಗೇನೇ ಮಗೂಗೆ ಹಣ್ಣು ತಿನ್ನಿಸಿದ್ಯಾ?"

"ಹೂಂ ದೊಡ್ಡಮ್ಮ, ಹಣ್ಣೇ."

"ಹಣ್ಣಿನ ಜೊತೆ ಅಳತೆ ಮುಚ್ಚಳಾನೂ ಕೊಟ್ನಾ ಅಂಗಡಿಯವ್ನು? ನಡಿ, ವಾಪಸ್ ಕರ್ಕೊಂಡ್ ಹೋಗು."

ಇಪ್ಪತ್ತೆರಡು ವರ್ಷಗಳಿಂದ ಅವಳು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಅದಕ್ಕೆ ಮೊದಲು ಮಕ್ಕಳ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಆಯಾ ಆಗಿದ್ದವಳು. ಹಾಗಾಗಿ ತಾನು ಮುಕ್ಕಾಲು ಡಾಕ್ಟರು ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ; ಉಳಿದ ಕಾಲು ಭಾಗ ಬರೀ ಸಹಿ ಹಾಕುವುದು ಎಂದುಕೊಂಡಿದ್ದಳು. ಮನೆಯ ಮುಂದಿನ ಕಾರು ನಿಲ್ಲಿಸುವ ಕೋಣೆಯೇ ಶಿಶುವಿಹಾರ. ಹದಿಮೂರು ಮಕ್ಕಳು, ಒಂದೇ ದೊಡ್ಡ ಹಾಸಿಗೆ, ಮೂಗು ಒರೆಸಲು ಮೊಳೆಗೆ ನೇತು ಹಾಕಿದ ಒಂದೇ ಬಟ್ಟೆ. ಗಾಳಿ ಹೊಡೆದರೆ ನೆಗಡಿ ಬರುತ್ತದೆಂದು ಕಿಟಕಿಗೆ ಚಿಲಕ.

ಮಕ್ಕಳ ಮೇಲೆ ಅವಳಿಗೆ ಜೀವ. ಹೆತ್ತವರ ಮೇಲೆ ಮಾತ್ರ ಮೂರು ಕಾಸಿನ ಮರ್ಯಾದೆಯಿಲ್ಲ. ಟ್ಯಾಕ್ಸಿ ಓಡಿಸುವವನಿಗೆ ಹೊಗೆಬಂಡಿ ಎಂದು ಹೆಸರಿಟ್ಟಿದ್ದಳು. ಮಗಳನ್ನು ಎತ್ತಿಕೊಂಡೇ ಸಿಗರೇಟು ಸೇದುತ್ತಾ ಬಂದು, ಬಾಗಿಲಲ್ಲಿ ಅದನ್ನು ಹೊಸಕಿ, ಮಗಳಿಗೆ ಮುತ್ತು ಕೊಡುವ ಭೂಪ. ದರ್ಜಿಯ ಮನೆಯಲ್ಲಿ ಒಂದೇ ಕೋಣೆಯಲ್ಲಿ ಆರು ಜನ ಮಲಗುತ್ತಾರೆ, ಶಾಲೆಗೆ ಹೋಗುವ ಮೂವರು ಅಲ್ಲಿನ ನೆಗಡಿಯನ್ನೆಲ್ಲ ಹೊತ್ತು ತಂದು ಚಿಕ್ಕದಕ್ಕೆ ದಾನ ಮಾಡುತ್ತಾರೆ. ಇನ್ನು ಟೀಚರಮ್ಮ. ಊರ ಮಕ್ಕಳಿಗೆಲ್ಲ ಆರೋಗ್ಯದ ಪಾಠ ಹೇಳುವ ಈಕೆ ಸ್ವಂತ ಮಗನ ಲಸಿಕೆಯನ್ನು ಮುಂದಿನ ವಾರ, ಮುಂದಿನ ವಾರ ಎಂದು ಎಂಟು ತಿಂಗಳು ತಳ್ಳಿದ್ದಳು. ಹೆರುವುದಕ್ಕೆ ಪರೀಕ್ಷೆ ಇಟ್ಟಿದ್ದರೆ ಇವರಲ್ಲಿ ಒಬ್ಬರೂ ಪಾಸಾಗುತ್ತಿರಲಿಲ್ಲ ಎಂದು ದೊಡ್ಡಮ್ಮ ಅವರ ಮುಖಕ್ಕೇ ಹೇಳುತ್ತಿದ್ದಳು. ಬೇರೆ ಗತಿಯಿಲ್ಲದ್ದರಿಂದ ಅವರು ಹಲ್ಲು ಕಿರಿದು ಸುಮ್ಮನಾಗುತ್ತಿದ್ದರು.

ಅವಳಿಗೆ ಎಲ್ಲಕ್ಕಿಂತ ಹೇಸಿಗೆ ಹುಟ್ಟಿಸುತ್ತಿದ್ದದ್ದು ಅವರು ಔಷಧಿ ಕೊಡುವ ರೀತಿ. ಡಾಕ್ಟರು ಏಳು ದಿನ ಕುಡಿಸಿ ಎಂದು ಆಂಟಿಬಯಾಟಿಕ್ ಬರೆದರೆ, ಮೂರನೇ ದಿನ ಮೂಗು ಒಣಗಿದ್ದೇ ತಡ, ಇವರಿಗೆ ಸೀಸೆಯ ನೆನಪೇ ಇರುತ್ತಿರಲಿಲ್ಲ. ಅರ್ಧ ತುಂಬಿದ ಸೀಸೆ ಮಗುವಿನ ಚೀಲದಲ್ಲೇ ಉಳಿದು ಇಲ್ಲಿಗೆ ಬರುತ್ತಿತ್ತು. ದೊಡ್ಡಮ್ಮ ಅವನ್ನೆಲ್ಲ ತೆಗೆದು ತನ್ನ ಕಪಾಟಿನಲ್ಲಿ ಸಾಲಾಗಿ ಇಟ್ಟುಕೊಂಡಿದ್ದಳು. ಯಾವ ಮಗುವಿಗಾದರೂ ಮೂಗು ಸುರಿದರೆ ಅದರಲ್ಲೇ ಒಂದರಿಂದ ಅರ್ಧ ಚಮಚ ಕುಡಿಸುತ್ತಿದ್ದಳು. ಎರಡು ದಿನ, ಮೂರು ದಿನ, ಸೀಸೆಯಲ್ಲಿ ಎಷ್ಟಿದೆಯೋ ಅಷ್ಟು ದಿನ. ಹೆತ್ತವರಿಗೆ ಹೇಳುತ್ತಿರಲಿಲ್ಲ. ಮುಚ್ಚಿಟ್ಟಳೆಂದಲ್ಲ, ಹೇಳಿದರೆ ತಿಳಿಯುವಷ್ಟು ಬುದ್ಧಿ ಅವರಿಗೆಲ್ಲಿದೆ ಎಂಬ ತಾತ್ಸಾರ.

ಒಂದು ದಿನ ಆರೋಗ್ಯ ಇಲಾಖೆಯಿಂದ ಒಬ್ಬ ನರ್ಸು ಹತ್ತಿ ಸುತ್ತಿದ ಉದ್ದನೆಯ ಕಡ್ಡಿಗಳನ್ನು ಹಿಡಿದು ಬಂದಳು. ಮಕ್ಕಳ ಮೂಗಿನ ಒಳಗಿನಿಂದ ಸ್ವಲ್ಪ ಸಿಂಬಳ ತೆಗೆದು ಪರೀಕ್ಷೆಗೆ ಒಯ್ಯಬೇಕಂತೆ.

"ಮೂಗಿಗೆ ಕಡ್ಡಿ ಹಾಕೋಕೂ ಸಂಬಳ ಕೊಡ್ತಾರಾ ಈಗ?" ಎಂದಳು ದೊಡ್ಡಮ್ಮ.

ನರ್ಸು ನಕ್ಕಳು. "ನ್ಯುಮೋನಿಯಾ ಮಾಡೋ ರೋಗಾಣು ಹುಡುಕ್ತಿದ್ದೀವಿ ದೊಡ್ಡಮ್ಮ. ಎಷ್ಟೋ ಮಕ್ಕಳ ಮೂಗಲ್ಲಿ ಅದು ತೆಪ್ಪಗೆ ಕೂತಿರುತ್ತೆ. ಜ್ವರ ಇರಲ್ಲ, ಕೆಮ್ಮಿರಲ್ಲ, ಮಗು ಆಡ್ಕೊಂಡಿರುತ್ತೆ. ಪಕ್ಕದಲ್ಲಿರೋ ಎಳೇ ಮಗೂಗೆ ದಾಟಿ, ಅದು ಜ್ವರ ಬಂದು ಮಲಗಿದಾಗಲೇ ಗೊತ್ತಾಗೋದು."

"ಜ್ವರಾನೇ ಇಲ್ದಿರೋ ರೋಗ! ನನ್ನ ಮೂಗಿಗೆ ಸಿಗದ್ದು ನಿನ್ನ ಕಡ್ಡಿಗೆ ಸಿಗುತ್ತಾ?"

ಆದರೆ ನರ್ಸು ಪ್ರಶ್ನೆಗಳ ಹಾಳೆ ಬಿಚ್ಚಿದಾಗ ದೊಡ್ಡಮ್ಮನಿಗೆ ಹಬ್ಬ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರಾ, ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ, ಯಾರು ಸಿಗರೇಟು ಸೇದುತ್ತಾರೆ, ಲಸಿಕೆ ಎಲ್ಲ ಆಗಿದೆಯಾ. ಒಂದೊಂದಕ್ಕೂ ಅವಳು ಹೆತ್ತವರ ಮಾನ ಹರಾಜು ಹಾಕಿ ಉತ್ತರ ಕೊಟ್ಟಳು. ಕೊನೆಗೆ ನರ್ಸು ಕೇಳಿದಳು, "ಹೋದ ತಿಂಗಳು ಇಲ್ಲಿ ಯಾವ ಮಗೂಗಾದ್ರೂ ಆಂಟಿಬಯಾಟಿಕ್ ಕೊಟ್ಟಿದ್ದುಂಟಾ?"

"ಇದೇನು ಔಷಧಿ ಅಂಗಡಿ ಅಂದ್ಕೊಂಡ್ಯಾ? ಇಲ್ಲ ಅಂತ ಬರ್ಕೋ."

"ಬೇಜಾರಾಗ್ಬೇಡಿ. ಅರ್ಧಂಬರ್ಧ ಕೊಟ್ರೆ ಬಡಪಾಯಿ ರೋಗಾಣು ಸಾಯುತ್ತೆ, ಮೊಂಡು ರೋಗಾಣು ಉಳ್ಕೊಳ್ಳುತ್ತೆ. ಆಮೇಲೆ ಆ ಮದ್ದಿಗೆ ಜಗ್ಗಲ್ಲ. ಅದಕ್ಕೇ ಕೇಳ್ದೆ."

ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು ತನಗೆ ಪಾಠ ಹೇಳಲು ಬಂದಳಲ್ಲ ಎಂದು ದೊಡ್ಡಮ್ಮ ಅವಳಿಗೆ ಒಂದು ಲೋಟ ನೀರನ್ನೂ ಕೊಡದೆ ಕಳಿಸಿದಳು.

ಮೂರು ವಾರ ಕಳೆಯಿತು. ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದ ಒಬ್ಬ ತಾಯಿಯ ಒಂಬತ್ತು ತಿಂಗಳ ಹೆಣ್ಣುಮಗು ಮಧ್ಯಾಹ್ನ ಹಾಲು ಬೇಡವೆಂದು ಮುಖ ತಿರುಗಿಸಿತು. ಮೈ ಸುಡುತ್ತಿತ್ತು, ಪ್ರತಿ ಉಸಿರಿಗೂ ಪಕ್ಕೆ ಒಳಗೆ ಹೋಗುತ್ತಿತ್ತು. ಹನ್ನೊಂದು ವರ್ಷ ವಾರ್ಡಿನಲ್ಲಿದ್ದವಳಿಗೆ ಅದೇನೆಂದು ಯಾರೂ ಹೇಳಬೇಕಿರಲಿಲ್ಲ. ಉಳಿದ ಮಕ್ಕಳನ್ನು ದರ್ಜಿಯ ಹೆಂಡತಿಗೆ ಒಪ್ಪಿಸಿ, ತಾಯಿಗೆ ಫೋನು ಮಾಡಿ, ಮಗುವನ್ನು ಎದೆಗವುಚಿಕೊಂಡು ಆಸ್ಪತ್ರೆಗೆ ಓಡಿದಳು. ತಾಯಿ ಬಂದಾಗ ಮಗುವಿನ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದ್ದರು.

ಈ ತಾಯಿ ಸುಳ್ಳಿನಲ್ಲಿ ಎಲ್ಲರನ್ನೂ ಮೀರಿಸಿದವಳು. ಕಳೆದ ಮೂರು ತಿಂಗಳಲ್ಲೇ ನಾಲ್ಕು ಸಲ ಸ್ಟ್ರಾಬೆರಿ ವಾಸನೆಯಲ್ಲಿ ಸಿಕ್ಕಿಬಿದ್ದಿದ್ದಳು.

ಡಾಕ್ಟರು ಎದೆಯ ಎಕ್ಸರೇ ನೋಡಿ ತಾಯಿಯ ಕಡೆ ತಿರುಗಿದ. "ಈ ತಿಂಗಳಲ್ಲಿ ಮಗೂಗೆ ಆಂಟಿಬಯಾಟಿಕ್ ಏನಾದ್ರೂ ಕೊಟ್ಟಿದ್ರಾ?"

"ಇಲ್ಲ ಡಾಕ್ಟ್ರೇ."

"ಯೋಚನೆ ಮಾಡಿ ಹೇಳಿ. ಮೊದಲೇ ಕುಡ್ಸಿದ್ರೆ ಈಗ ಬೇರೆ ಮದ್ದು ಹಾಕ್ಬೇಕು. ನೀವು ಮುಚ್ಚಿಟ್ರೆ ಅನುಭವಿಸೋದು ಮಗು."

"ನನ್ನಾಣೆ ಡಾಕ್ಟ್ರೇ, ಒಂದು ಹನಿ ಕೊಟ್ಟಿಲ್ಲ." ಅವಳು ಅಳತೊಡಗಿದಳು.

ಗೋಡೆಯ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ದೊಡ್ಡಮ್ಮನ ತುಟಿ ಅಭ್ಯಾಸದಂತೆ ಸೊಟ್ಟಗಾಯಿತು. ಸುಳ್ಳಿ, ಎಂದುಕೊಂಡಳು. ಮರುಕ್ಷಣ ಕಪಾಟಿನ ಸೀಸೆಗಳ ಸಾಲು ನೆನಪಾಯಿತು. ಇವತ್ತು ಆ ಹೆಂಗಸು ಹೇಳುತ್ತಿದ್ದದ್ದು ನಿಜ. ಇಡೀ ಕೋಣೆಯಲ್ಲಿ ಸುಳ್ಳಿ ಎಂಬವಳು ಇದ್ದರೆ ಅವಳು ಬೆಂಚಿನ ಮೇಲೆ ಕುಳಿತಿದ್ದಳು.

ಬಾಯಿ ಬಿಟ್ಟರೆ ನಾಳೆ ಅವಳ ಬಾಗಿಲಿಗೆ ಒಂದು ಮಗುವೂ ಬರುವುದಿಲ್ಲ. ಬಿಡದಿದ್ದರೆ ಕೇಳುವವರು ಯಾರೂ ಇಲ್ಲ, ತಾಯಿಯನ್ನು ನಂಬಿ ಡಾಕ್ಟರು ಮಾಮೂಲಿ ಮದ್ದು ಬರೆಯುತ್ತಾನೆ. ಅವನು ಆಗಲೇ ಪೆನ್ನು ತೆಗೆದು ಬರೆಯತೊಡಗಿದ್ದ. ಮಗುವಿನ ಪಕ್ಕೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು.

"ನಾನು ಕೊಟ್ಟಿದ್ದೀನಿ," ಎಂದಳು ದೊಡ್ಡಮ್ಮ.

ಡಾಕ್ಟರು ತಲೆಯೆತ್ತಿದ. "ನೀವ್ಯಾರು?"

"ನೋಡ್ಕೊಳ್ಳೋಳು. ಬೇರೆ ಮಗೂದು ಮಿಕ್ಕಿತ್ತು, ಅದನ್ನ ಕುಡಿಸ್ದೆ. ಅರ್ಧರ್ಧ ಚಮಚ. ನಾಲ್ಕು ದಿನ." ಔಷಧಿಯ ಹೆಸರನ್ನೂ ಹೇಳಿದಳು.

"ನಾಲ್ಕೇ ದಿನಕ್ಕೆ ಯಾಕೆ ನಿಲ್ಲಿಸಿದ್ರಿ?"

"ಸೀಸೆ ಖಾಲಿ ಆಯ್ತು."

ಡಾಕ್ಟರು ನೋಡಿದ ನೋಟ ದೊಡ್ಡಮ್ಮನಿಗೆ ಚೆನ್ನಾಗಿ ಪರಿಚಯವಿತ್ತು. ಬೆಳಗಿನ ಎಂಟು ಗಂಟೆಗೆ ಬಾಗಿಲಲ್ಲಿ ನಿಂತು ಅವಳು ಎಲ್ಲರನ್ನೂ ನೋಡುತ್ತಿದ್ದದ್ದು ಹಾಗೆಯೇ. ಅವನು ಬರೆದದ್ದನ್ನು ಹೊಡೆದುಹಾಕಿ, ಬೇರೆ ಮದ್ದು ಬರೆದು ವಾರ್ಡಿನ ನರ್ಸಿನ ಕೈಗಿತ್ತ.

ಸೂಜಿ ಚುಚ್ಚಿದಾಗ ಮಗು ಕಿರುಚಿತು. ಅಳುತ್ತಾ ಕಣ್ಣು ತೆರೆದು ಸುತ್ತ ನೋಡಿ, ಎರಡೂ ಕೈಗಳನ್ನು ದೊಡ್ಡಮ್ಮನ ಕಡೆಗೆ ಚಾಚಿತು. ಅವಳು ಎದ್ದು ನಿಂತಳು. ತಾಯಿ ಅವಳ ಮುಖವನ್ನೊಮ್ಮೆ ನೋಡಿ, ಮಗುವನ್ನು ಎತ್ತಿ, ನಳಿಕೆ ಕಳಚದಂತೆ ಹಿಡಿದು, ದೊಡ್ಡಮ್ಮ ಕಾಣದ ಹಾಗೆ ಆ ಕಡೆಯ ಭುಜಕ್ಕೆ ಹಾಕಿಕೊಂಡಳು.